ನಾಯಿ ಪೆಟ್ಟಿಗೆಗೆ ಫ್ಯಾನ್ ಕೂರಿಸುವುದು: ಕಲಬುರಗಿ ಬಿಸಿಲಲ್ಲಿ ಕಲಿತದ್ದು

ನಮ್ಮ ನಾಯಿ ಮೋತಿಯ ಹಿಂಗಾಲಿನಲ್ಲಿ ಒಂದು ಗಂಟು ಎದ್ದಿತ್ತು. ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಒಮ್ಮೆ ತೋರಿಸಿ ಎಂದು ಇಲ್ಲಿನ ಡಾಕ್ಟರ್ ಹೇಳಿದರು. ಏಪ್ರಿಲ್ ತಿಂಗಳು. ಪಕ್ಕದ ಮನೆಯ ಕಾಕಾ ತಮ್ಮ ಪಿಕಪ್ ಗಾಡಿ ತಂದರು. ಹಿಂದೆ ಪ್ಲೈವುಡ್ ಪೆಟ್ಟಿಗೆ, ಅದಕ್ಕೆ ನಾನೇ ಕೂರಿಸಿದ ಎರಡು ಫ್ಯಾನ್. ವೈರನ್ನು ಕ್ಯಾಬಿನ್ನಿನ ಮೊಬೈಲ್ ಚಾರ್ಜಿಂಗ್ ಸಾಕೆಟ್ಟಿಗೆ ಸಿಕ್ಕಿಸಿದ್ದೆ. ಭಾರೀ ಕೆಲಸ ಮಾಡಿದೆ ಅಂತ ಒಳಗೊಳಗೇ ಹೆಮ್ಮೆ.

ಹೊರಡುವಾಗಲೇ ಒಂಬತ್ತು ದಾಟಿತ್ತು. ಕಮಲಾಪುರದಲ್ಲಿ ಚಹಾಕ್ಕೆ ನಿಂತೆವು. ಕಾಕಾ ಗಾಡಿ ಬಂದ್ ಮಾಡಿ ಕೀಲಿ ಕಿಸೆಗೆ ಹಾಕಿಕೊಂಡರು. ಹತ್ತು ಹನ್ನೆರಡು ನಿಮಿಷ ಆಗಿರಬೇಕು. ವಾಪಸ್ ಬಂದಾಗ ಕಾಕಾನೇ ಮೊದಲು ಕೂಗಿದರು: "ಫ್ಯಾನ್ ಬಂದ್ ಅದಲ್ಲೋ ತಮ್ಮಾ!" ಬಾಗಿಲು ತೆಗೆದರೆ ಒಲೆ ಬಾಯಿ ತೆಗೆದಂಗೆ ಝಳ. ಮೋತಿಯ ನಾಲಿಗೆ ಅಗಲವಾಗಿ ಹೊರಗೆ ಬಿದ್ದಿತ್ತು. ಜೊಲ್ಲು ದಾರದಂತೆ ಇಳಿಯುತ್ತಿತ್ತು. ಕಣ್ಣು ಕೆಂಪಾಗಿದ್ದವು. ಬೇವಿನ ಗಿಡದ ನೆರಳಿಗೆ ಎತ್ತಿಕೊಂಡು ಹೋಗಿ, ಹೋಟೆಲಿನವರ ಕೊಡದ ನೀರನ್ನೆಲ್ಲ ಹೊಟ್ಟೆಗೆ, ತೊಡೆಸಂದಿಗೆ ಹಾಕಿದೆವು. ಅರ್ಧ ಗಂಟೆಗೆ ಸುಧಾರಿಸಿಕೊಂಡ. ನಾನು ಸುಧಾರಿಸಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು ಬೇಕಾಯಿತು.

ಆಗಿದ್ದು ಇಷ್ಟೇ. ಎಷ್ಟೋ ಗಾಡಿಗಳಲ್ಲಿ ಕೀಲಿ ತೆಗೆದರೆ ಆ ಸಾಕೆಟ್ಟಿಗೆ ಕರೆಂಟ್ ಬರುವುದಿಲ್ಲ. ಗಾಡಿ ಓಡುವಾಗ ರಸ್ತೆಯ ಗಾಳಿ ಹೇಗೂ ಪೆಟ್ಟಿಗೆಯೊಳಗೆ ನುಗ್ಗುತ್ತದೆ. ಫ್ಯಾನ್ ನಿಜವಾಗಿ ಬೇಕಾಗುವುದು ಗಾಡಿ ನಿಂತಾಗ: ರೈಲ್ವೆ ಗೇಟು, ಟೋಲ್, ಪಂಚರ್, ಚಹಾ. ನಾನು ಮಾಡಿದ್ದ ಜೋಡಣೆ ಸರಿಯಾಗಿ ಅದೇ ಹೊತ್ತಿಗೆ ಕೈ ಕೊಡುವಂಥದ್ದು. ಮನೆಗೆ ಬಂದು ಪೂರ್ತಿ ಕಿತ್ತು ಹೊಸದಾಗಿ ಮಾಡಿದೆ. ಆ ಎರಡನೇ ಸಲದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಫ್ಯಾನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಮಗೆ ಮೈಯೆಲ್ಲ ಬೆವರುತ್ತದೆ. ಫ್ಯಾನ್ ಹಾಕಿದರೆ ಬೆವರು ಆರಿ ತಂಪೆನಿಸುತ್ತದೆ. ನಾಯಿಗೆ ಹಾಗಲ್ಲ. ಅದರ ಬೆವರು ಪಾದದಡಿ ಒಂದಿಷ್ಟು, ಅಷ್ಟೇ. ಮೈ ತಂಪು ಮಾಡಿಕೊಳ್ಳುವುದೆಲ್ಲ ತೇಕುತ್ತಾ, ನಾಲಿಗೆ, ಬಾಯಿ, ಮೂಗಿನ ಒದ್ದೆ ಆರಿಸಿಕೊಂಡೇ. ಹಾಗೆ ತೇಕಿದಾಗ ಹೊರಬರುವ ಗಾಳಿ ಬಿಸಿ, ಹಸಿ ಎರಡೂ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಅಲ್ಲೇ ತುಂಬಿಕೊಂಡರೆ ನಾಲಿಗೆಯ ಒದ್ದೆ ಆರುವುದೇ ಇಲ್ಲ. ಎಷ್ಟು ತೇಕಿದರೂ ಪ್ರಯೋಜನವಿಲ್ಲ. ಆ ಹಸಿ ಗಾಳಿಯನ್ನು ಹೊರಗೆ ಹಾಕಿ ಒಣ ಗಾಳಿ ಒಳಗೆ ತರುವುದೇ ಫ್ಯಾನಿನ ಕೆಲಸ.

ತಂಪು ಮಾಡುವುದು ಅದರ ಕೆಲಸ ಅಲ್ಲ. ಹೊರಗೆ 43 ಡಿಗ್ರಿ ಇದ್ದರೆ ಫ್ಯಾನ್ ತರುವುದೂ 43 ಡಿಗ್ರಿ ಗಾಳಿಯನ್ನೇ. ನಾಯಿಯ ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿದರೆ ಜೀವಕ್ಕೇ ಅಪಾಯ. ಹಾಗಾಗಿ ಫ್ಯಾನ್ ಕೂರಿಸಿದ್ದೇವೆ ಅಂತ ಮೇ ತಿಂಗಳ ನಡು ಮಧ್ಯಾಹ್ನ ಹೊರಡಬಾರದು. ಪಗ್, ಬಾಕ್ಸರ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗಂತೂ ಮೂಗಿನ ದಾರಿಯೇ ಸಣ್ಣದು. ಅವನ್ನು ಬ್ಯಾಸಗಿಯಲ್ಲಿ ಎಸಿ ಕಾರಿನಲ್ಲಿ ಒಯ್ಯಿರಿ, ಇಲ್ಲ ಬೆಳಗಿನ ಜಾವವೇ ಹೊರಡಿ.

ಮೊದಲು ಪೆಟ್ಟಿಗೆಯ ಅಳತೆ

ಫ್ಯಾನ್ ತರುವ ಮೊದಲು ಪೆಟ್ಟಿಗೆಯೇ ಸರಿ ಇದೆಯಾ ನೋಡಿ. ಸಣ್ಣ ಪೆಟ್ಟಿಗೆಯಲ್ಲಿ ನಾಯಿಯ ಮೈಯೇ ಗಾಳಿಯ ದಾರಿ ಮುಚ್ಚುತ್ತದೆ. ವಿಮಾನದಲ್ಲಿ ನಾಯಿ ಸಾಗಿಸುವಾಗ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ನಿಯಮದ ಲೆಕ್ಕ ಹಿಡಿಯುತ್ತಾರೆ. ರಸ್ತೆಗೂ ಅದೇ ಒಳ್ಳೆಯದು. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. ಅದು ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿ ಯಾವುದು ಮೇಲಿದೆಯೋ ಅಲ್ಲಿಯವರೆಗಿನ ಎತ್ತರ, ಜೊತೆಗೆ ಹಾಸಿಗೆಯ ದಪ್ಪ. ಅದು ಪೆಟ್ಟಿಗೆಯ ಎತ್ತರ.

ಮೋತಿ ಮುಧೋಳ ಜಾತಿಯ ಬೆರಕೆ. ಉದ್ದ 75 ಸೆಂ.ಮೀ., ಮೊಣಕೈ 32, ಭುಜ 20, ತಲೆ 70. ಲೆಕ್ಕ ಹಾಕಿದರೆ ಉದ್ದ 91, ಅಗಲ 40, ಎತ್ತರ 75 ಬರುತ್ತದೆ. ಅಗಲ ಮಾತ್ರ 55 ಮಾಡಿಸಿದೆ. ಉದ್ದ ಕಾಲಿನ ನಾಯಿ, ತಿರುಗಿ ಮಲಗಲಿ ಅಂತ. ಒಟ್ಟು ಸುಮಾರು 375 ಲೀಟರ್ ಗಾಳಿ ಹಿಡಿಯುವ ಪೆಟ್ಟಿಗೆ. ಈ ಸಂಖ್ಯೆ ಮುಂದೆ ಬೇಕಾಗುತ್ತದೆ.

ಗಾಳಿಯ ದಾರಿ

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದೊಂದೇ. ಮೊದಲ ಸಲ ನಾನು ಒಂದೇ ಗೋಡೆಗೆ ಎರಡೂ ಫ್ಯಾನ್ ಹಾಕಿ ಒಳಗೆ ಊದುವಂತೆ ಮಾಡಲು ಹೊರಟಿದ್ದೆ. ಬಡಿಗೇರ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಸುಮ್ನೆ ನೋಡಿದ. ಆಮೇಲೆ ಕೇಳಿದ: "ಗಾಳಿ ಒಳಗ ಬರ್ತದ ಖರೆ, ಹೋಗೋದು ಎಲ್ಲಿಂದ್ರೀ ಸರ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಾನು ಪಾಲಿಸುವ ಕ್ರಮ ಹೀಗೆ. ಗಾಳಿ ಒಳಗೆ ಬರುವ ಕಿಂಡಿ ಒಂದು ತುದಿಯಲ್ಲಿ, ಕೆಳಗೆ. ಹೊರಗೆ ಎಳೆಯುವ ಫ್ಯಾನ್ ಎದುರಿನ ತುದಿಯಲ್ಲಿ, ಮೇಲೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ, ಅದನ್ನು ಅಲ್ಲಿಂದಲೇ ಎಳೆದು ಹಾಕಬೇಕು. ನಡುವೆ ಗಾಳಿ ನಾಯಿಯ ಮೈಮೇಲೆ ಓರೆಯಾಗಿ ಹಾದು ಹೋಗುತ್ತದೆ. ಒಳಗೆ ಊದುವ ಫ್ಯಾನ್ ಯಾಕೆ ಬೇಡ ಅಂದರೆ, ಅದು ಧೂಳನ್ನು ನೇರ ಕಣ್ಣಿಗೇ ಹೊಡೆಯುತ್ತದೆ. ನಾಯಿ ಮುಖ ತಿರುಗಿಸಿಕೊಂಡು ಮೂಲೆ ಸೇರುತ್ತದೆ.

ಗಾಳಿ ಭಾರೀ ಸೋಮಾರಿ. ಹತ್ತಿರದ ದಾರಿ ಸಿಕ್ಕರೆ ದೂರ ಹೋಗುವುದಿಲ್ಲ. ಫ್ಯಾನಿನ ಪಕ್ಕದಲ್ಲೇ ಜಾಳಿಗೆ ಬಾಗಿಲಿದ್ದರೆ ಫ್ಯಾನ್ ಆ ಜಾಳಿಗೆಯಿಂದಲೇ ಗಾಳಿ ಎಳೆದು ಅಲ್ಲೇ ಹೊರಗೆ ಹಾಕುತ್ತದೆ. ಇನ್ನೊಂದು ತುದಿಯಲ್ಲಿ ಮಲಗಿದ ನಾಯಿಗೆ ಏನೂ ಸಿಗುವುದಿಲ್ಲ. ಬಾಗಿಲು ಫ್ಯಾನಿನ ಎದುರು ತುದಿಗೇ ಇರಲಿ. ಆಗದಿದ್ದರೆ ಬಾಗಿಲ ಜಾಳಿಗೆಯ ಮೇಲಿನ ಅರ್ಧಕ್ಕೆ ತಗಡು ಹೊಡೆದು ಮುಚ್ಚಿ. ಆದರೆ ಫ್ಯಾನ್ ಕೆಟ್ಟರೂ ಉಸಿರಾಡುವಷ್ಟು ಕಿಂಡಿ ಮೂರು ಕಡೆ ಇರಲೇಬೇಕು. ಫ್ಯಾನನ್ನೇ ನಂಬಿದ ಮುಚ್ಚಿದ ಪೆಟ್ಟಿಗೆಯನ್ನು ಯಾವತ್ತೂ ಮಾಡಬೇಡಿ.

ತೆರೆದ ಪಿಕಪ್ಪಿನಲ್ಲಿ ಇಡುವುದಾದರೆ ಫ್ಯಾನ್ ಹಿಂದಕ್ಕೆ ಅಥವಾ ಬದಿಗೆ ಮುಖ ಮಾಡಿರಬೇಕು. ಮುಂದಕ್ಕೆ ಮುಖ ಮಾಡಿದರೆ ಕೆಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ ಈ ಸಣ್ಣ ಫ್ಯಾನಿನ ಶಕ್ತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಗಾಳಿ ಉಲ್ಟಾ ನುಗ್ಗುತ್ತದೆ, ಫ್ಯಾನ್ ಅದರ ಜೊತೆ ಸುಮ್ನೆ ಗುದ್ದಾಡುತ್ತದೆ. ಒಳಗೆ ಬರುವ ಕಿಂಡಿ ಗಾಡಿಯ ಸೈಲೆನ್ಸರ್ ಕಡೆಗೂ ಇರಬಾರದು. ನಿಂತ ಗಾಡಿಯ ಇಂಜಿನ್ ಓಡುತ್ತಿದ್ದರೆ ಹೊಗೆ ನೇರ ಪೆಟ್ಟಿಗೆಗೇ ಹೋಗುತ್ತದೆ. ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ.

ಕಾರಿನ ಡಿಕ್ಕಿಯಲ್ಲಿ ಇಡುವವರಿಗೆ ಇನ್ನೊಂದು ಮಾತು. ಸೀಟಿಗೆ ಒತ್ತಿಕೊಂಡು ಕಿಂಡಿ ಮುಚ್ಚಿಹೋಗುತ್ತದೆ. ಕೈಮುಷ್ಟಿ ಹಿಡಿಸುವಷ್ಟಾದರೂ ಸಂದಿ ಬಿಡಿ. ಕಿಟಕಿ ಏರಿಸಿ ನಿಲ್ಲಿಸಿದ ಕಾರಿನಲ್ಲಿ ಫ್ಯಾನ್ ಹಾಕಿ ಹೋದರೆ ಅದು ಕಾರಿನ ಕಾದ ಗಾಳಿಯನ್ನೇ ಸುತ್ತಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಏರುತ್ತದೆ.

ಏನೇನು ತರಬೇಕು

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿ ಎಲ್ಲ ತಂದೆ. ಮುಖ್ಯ ಸಾಮಾನು 12 ವೋಲ್ಟಿನ ಡಿಸಿ ಫ್ಯಾನ್ ಎರಡು. ಕಂಪ್ಯೂಟರಿನಲ್ಲಿ ಇರುತ್ತಲ್ಲ, ಚೌಕಾಕಾರದ್ದು, ಅದೇ. 120 ಮಿ.ಮೀ. ಅಳತೆ, 25 ಮಿ.ಮೀ. ದಪ್ಪ. 80 ಮಿ.ಮೀ.ದು ಸಣ್ಣ ಪೆಟ್ಟಿಗೆಗೆ ಸರಿ, ಆದರೆ ಅಷ್ಟೇ ಗಾಳಿ ಕೊಡಲು ಜೋರಾಗಿ ತಿರುಗಿ ಕಿರುಗುಡುತ್ತದೆ. ಅಂಗಡಿಯವನಿಗೆ "ಬಾಲ್ ಬೇರಿಂಗ್‌ದು ಕೊಡಿ" ಎಂದು ಕೇಳಿ. ಸ್ಲೀವ್ ಬೇರಿಂಗ್ ಫ್ಯಾನಿನ ಎಣ್ಣೆ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ. ಧೂಳು ನೀರು ತಡೆಯುವ ಐಪಿ55 ಗುರುತಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಎರಡೇ ಯಾಕೆ ಅಂತ ಕೇಳಬಹುದು. ಲೆಕ್ಕ ನೋಡಿ. ನನ್ನ ಫ್ಯಾನಿನ ಮೇಲೆ 45 ಸಿಎಫ್‌ಎಂ ಎಂದು ಬರೆದಿದೆ. ಅಂದರೆ ನಿಮಿಷಕ್ಕೆ 45 ಘನ ಅಡಿ, ಸುಮಾರು 1270 ಲೀಟರ್. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ಜಾಳಿಗೆ, ಕಿಂಡಿ ಎಲ್ಲ ಸೇರಿದರೆ ಅರ್ಧ ಹಿಡಿಯಿರಿ, 635 ಲೀಟರ್. ಒಂದೇ ಫ್ಯಾನ್ ಇದ್ದರೂ ನನ್ನ 375 ಲೀಟರ್ ಪೆಟ್ಟಿಗೆಯ ಗಾಳಿ ಸುಮಾರು 35 ಸೆಕೆಂಡಿಗೆ ಒಮ್ಮೆ ಬದಲಾಗುತ್ತದೆ. ಅಷ್ಟು ಸಾಕು. ಎರಡನೆಯದು ಮೊದಲನೆಯದು ಕೆಟ್ಟರೆ ಇರಲಿ ಅಂತ. ಅದಕ್ಕೇ ಎರಡಕ್ಕೂ ಬೇರೆ ಬೇರೆ ವೈರು, ಬೇರೆ ಬೇರೆ ಫ್ಯೂಸ್ ಹಾಕಿದ್ದೇನೆ.

ಉಳಿದದ್ದು: 12 ವೋಲ್ಟ್ 7 ಆಂಪಿಯರ್ ಅವರ್‌ನ ಎಸ್‌ಎಂಎಫ್ (ಪೂರ್ತಿ ಮುಚ್ಚಿದ, ನೀರು ಹಾಕಬೇಕಿಲ್ಲದ) ಬ್ಯಾಟರಿ, ಅದರ ಚಾರ್ಜರ್, ಕೆಂಪು ಕಪ್ಪು ಜೋಡಿ ವೈರು 0.75 ಚದರ ಮಿ.ಮೀ.ದು, 1 ಆಂಪಿಯರ್‌ನ ಫ್ಯೂಸ್ ಹೋಲ್ಡರ್ ಸಮೇತ ಎರಡು, ಒಂದು ಸ್ವಿಚ್, ಫ್ಯಾನಿನ ತಂತಿ ಗ್ರಿಲ್ ನಾಲ್ಕು, 50 ಮಿ.ಮೀ. ಉದ್ದದ 4 ಮಿ.ಮೀ. ಬೋಲ್ಟು, ರಬ್ಬರ್ ವಾಷರ್, ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಳಿಗೆ) ಒಂದು ತುಂಡು, ಉದ್ದ ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಡಿಜಿಟಲ್ ಥರ್ಮಾಮೀಟರ್ ಒಂದು. ಹಳೆ ಯುಪಿಎಸ್‌ನ ಬ್ಯಾಟರಿ ಮನೆಯಲ್ಲಿ ಬಿದ್ದಿದೆ ಅಂತ ಅದನ್ನೇ ಹಾಕಬೇಡಿ. ಯುಪಿಎಸ್‌ನಿಂದ ತೆಗೆದಿದ್ದೇ ಅದು ಕೆಟ್ಟಿತ್ತು ಅಂತ ಅಲ್ವಾ?

ಅಡುಗೆ ಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ ಇನ್ವರ್ಟರಿನಿಂದ ಓಡಿಸಿದರೆ ಹೇಗೆ ಎಂದು ಒಬ್ಬರು ಕೇಳಿದ್ದರು. ಬೇಡವೇ ಬೇಡ. ಉಚ್ಚೆ, ನೀರು, ಹಲ್ಲು ಇರುವ ಪೆಟ್ಟಿಗೆಗೆ 230 ವೋಲ್ಟ್ ಹತ್ತಿರವೂ ಬರಬಾರದು.

ತೂತು ಕೊರೆಯುವುದು, ಫ್ಯಾನ್ ಕೂರಿಸುವುದು

ಪೆಟ್ಟಿಗೆ ಖಾಲಿ ಇರುವಾಗ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ, ಚಾವಣಿಯಿಂದ ನಾಲ್ಕು ಬೆರಳು ಬಿಟ್ಟು ಫ್ಯಾನ್ ಇಟ್ಟು ಪೆನ್ಸಿಲಿನಿಂದ ಗುರುತು ಹಾಕಿ. 120 ಮಿ.ಮೀ. ಫ್ಯಾನಿನ ಬೋಲ್ಟು ತೂತುಗಳ ನಡುವಿನ ಅಂತರ 105 ಮಿ.ಮೀ. ಇರುತ್ತದೆ. ನಡುವಿನ ದೊಡ್ಡ ತೂತು 115 ಮಿ.ಮೀ. ಬಡಿಗೇರನ ಹತ್ತಿರ ಜಿಗ್‌ಸಾ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಗೆರೆಯುದ್ದಕ್ಕೂ ಡ್ರಿಲ್ಲಿನಿಂದ ಸಾಲು ತೂತು ಹೊಡೆದು ಕಿತ್ತು, ಅರ ಹಾಕಿ ಉಜ್ಜಿ. ಅಂಚು ನುಣ್ಣಗಾಗಬೇಕು. ಪ್ಲೈವುಡ್ಡಿನ ಸಿಬರು ನಾಯಿಯ ಒಸಡಿಗೆ ಚುಚ್ಚಿದರೆ ಕಷ್ಟ. ಕೊಯ್ದ ಅಂಚಿಗೆ ಪ್ರೈಮರ್, ಬಣ್ಣ ಹಚ್ಚಿ. ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆ ಅಂದರೂ ಮೂರು ನಾಲ್ಕು ದಿನ, ಅಂಗಳದಲ್ಲಿ ಬಿಡಿ.

ಫ್ಯಾನಿನ ಯಾವ ಮುಖ ಯಾವ ಕಡೆ ಎಂಬುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಸ್ಟಿಕ್ಕರ್ ಅಂಟಿಸಿದ, ಅಡ್ಡಪಟ್ಟಿಗಳಿರುವ ಮುಖದಿಂದ ಗಾಳಿ ಹೊರಬರುತ್ತದೆ. ಆ ಮುಖ ಪೆಟ್ಟಿಗೆಯ ಹೊರಗೆ ಇರಬೇಕು. ಕೆಲವು ಫ್ಯಾನಿನ ಚೌಕಟ್ಟಿನ ಮೇಲೆ ಬಾಣದ ಗುರುತೂ ಇರುತ್ತದೆ. ಅನುಮಾನ ಇದ್ದರೆ ಬ್ಯಾಟರಿಗೆ ಮುಟ್ಟಿಸಿ, ಒಂದು ಕಾಗದದ ಚೂರು ಹಿಡಿದು ನೋಡಿ.

ಫ್ಯಾನನ್ನು ಗೋಡೆಯ ಹೊರಗೆ ಕೂರಿಸಿ. ಬೋಲ್ಟಿನ ಗುಂಡು ತಲೆ ಒಳಗೆ, ನಟ್ಟು ಹೊರಗೆ. 12 ಮಿ.ಮೀ. ಪ್ಲೈವುಡ್, 25 ಮಿ.ಮೀ. ಫ್ಯಾನ್, ಗ್ರಿಲ್, ನಟ್ಟು ಎಲ್ಲ ಸೇರಿ 45 ಮಿ.ಮೀ. ಹತ್ತಿರ ಬರುತ್ತದೆ, ಅದಕ್ಕೇ 50ರ ಬೋಲ್ಟು. ನಡುವೆ ರಬ್ಬರ್ ವಾಷರ್ ಹಾಕಿದರೆ ಗುಂಯ್‌ಗುಡುವುದು ಅರ್ಧಕ್ಕೆ ಇಳಿಯುತ್ತದೆ. ನಟ್ಟು ನೈಲಾನ್ ಬಳೆ ಇರುವಂಥದ್ದೇ ಆಗಲಿ. ಗಾಡಿಯ ಅದುರಾಟಕ್ಕೆ ಸಾದಾ ನಟ್ಟು ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ.

ಒಳಗಿನ ಮುಖಕ್ಕೆ ಎರಡು ರಕ್ಷಣೆ ಬೇಕು. ತೂತಿಗೆ ಫ್ಯಾನಿನ ತಂತಿ ಗ್ರಿಲ್. ಅದರ ಮೇಲೆ, ಎರಡು ಬೆರಳಷ್ಟು ಮುಂದಕ್ಕೆ, ವೆಲ್ಡ್ ಮೆಶ್‌ನ ಸಣ್ಣ ಡಬ್ಬಿಯಂಥದ್ದು. ಬಾಲದ ತುದಿ, ನಾಲಿಗೆ, ಕುತೂಹಲದ ಮೂಗು ಯಾವುದೂ ರೆಕ್ಕೆಗೆ ತಾಗಬಾರದು. ಸೊಳ್ಳೆ ಪರದೆಯ ಜಾಳಿಗೆ ಹಾಕಬೇಡಿ. ಅದು ಗಾಳಿಯನ್ನು ತಡೆಯುತ್ತದೆ, ವಾರದಲ್ಲಿ ಕೂದಲು ಧೂಳು ಸೇರಿ ಕಂಬಳಿಯಾಗುತ್ತದೆ. ಹೊರಗೆ ಮಳೆಗಾಲಕ್ಕೆ ಒಂದು ತಗಡಿನ ಓರೆ ಮರೆ ಸಾಕು.

ಈಗ ಕಿಂಡಿ. ಒಂದು ಫ್ಯಾನಿನ ಬಾಯಿ, ನಡುವಿನ ಗುಬಟು ಬಿಟ್ಟು, ಸುಮಾರು 100 ಚದರ ಸೆಂ.ಮೀ. ಎರಡಕ್ಕೆ 200. ಒಳಗೆ ಬರುವ ದಾರಿ ಅದಕ್ಕಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಜಾಳಿಗೆಯ ತಂತಿಗಳೇ ಒಂದಿಷ್ಟು ಜಾಗ ತಿನ್ನುತ್ತವೆ. ಹಾಗಾಗಿ ಎರಡು ಪಟ್ಟು, 400 ಚದರ ಸೆಂ.ಮೀ. ಹಿಡಿಯಿರಿ. ನಾನು 40 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರದ ಎರಡು ಸೀಳು ಕೊಯ್ಸಿದೆ. ನೆಲದಿಂದ ಒಂದು ಗೇಣು ಮೇಲೆ. ತೀರಾ ನೆಲಕ್ಕೆ ತಾಗಿಸಿದರೆ ಹಾಸಿಗೆ ಮುಚ್ಚಿಬಿಡುತ್ತದೆ.

ವೈರಿಂಗ್: ಇಲ್ಲಿ ಅವಸರ ಬೇಡ

ಒಂದೇ ಒಂದು ವೈರೂ ಪೆಟ್ಟಿಗೆಯ ಒಳಗೆ ಕಾಣಬಾರದು. ಬೇಸರಕ್ಕೆ ನಾಯಿ ಮೊದಲು ಕಚ್ಚುವುದೇ ಅದನ್ನು. ಎಲ್ಲ ಹೊರಗಿನ ಗೋಡೆಯ ಮೇಲೆ, ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಿ ಕ್ಲಿಪ್ ಹೊಡೆಯಿರಿ.

ಬ್ಯಾಟರಿಯ ಪ್ಲಸ್‌ನಿಂದ ಹೊರಡುವ ಕೆಂಪು ವೈರಿಗೆ ಮೊದಲು ಫ್ಯೂಸ್ ಬರಬೇಕು. ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು. ದಾರಿಯಲ್ಲಿ ಎಲ್ಲಾದರೂ ವೈರು ಸವೆದು ಗಾಡಿಯ ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದಿದ್ದರೆ ವೈರು ಕೆಂಪಗೆ ಕಾದು ಬೆಂಕಿ ಹತ್ತುತ್ತದೆ, ಪಕ್ಕದಲ್ಲೇ ಹುಲ್ಲು, ಗೋಣಿಚೀಲ. ಫ್ಯೂಸಿನ ನಂತರ ಸ್ವಿಚ್, ಆಮೇಲೆ ಫ್ಯಾನಿನ ಕೆಂಪು. ಕಪ್ಪು ವೈರು ನೇರ ಮೈನಸ್‌ಗೆ. ಉಲ್ಟಾ ಕೊಟ್ಟರೆ ಈ ಫ್ಯಾನು ಹಿಂದುಮುಂದಾಗಿ ತಿರುಗುವುದಿಲ್ಲ, ತಿರುಗುವುದೇ ಇಲ್ಲ. ಕೆಲವು ಸುಟ್ಟೂ ಹೋಗುತ್ತವೆ. ಮೂರನೇ ಹಳದಿ ವೈರಿದ್ದರೆ ಅದು ವೇಗ ಅಳೆಯಲು. ತುದಿ ಮಡಚಿ ಮುಚ್ಚಿಬಿಡಿ.

ಜೋಡಣೆಗೆ ಸೋಲ್ಡರ್ ಹಾಕಿ, ಶಾಖಕ್ಕೆ ಕುಗ್ಗುವ ಸ್ಲೀವ್ ತೊಡಿಸಿ. ಬರೀ ಟೇಪ್ ಸುತ್ತಿದರೆ ನಮ್ಮ ಬಿಸಿಲಿಗೆ ಅದರ ಗೋಂದು ಕರಗಿ ಜಿಡ್ಡಾಗುತ್ತದೆ, ಟೇಪ್ ಬಿಚ್ಚಿಕೊಂಡು ನೇತಾಡುತ್ತದೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಇದೂ ಆಗಿತ್ತು.

ಬ್ಯಾಟರಿಯ ಲೆಕ್ಕ ಸುಲಭ. ನನ್ನ ಒಂದು ಫ್ಯಾನ್ 0.2 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 0.4. 7 ಆಂಪಿಯರ್ ಅವರ್ ಬ್ಯಾಟರಿಯನ್ನು ಅರ್ಧ ಮಾತ್ರ ಖಾಲಿ ಮಾಡಿದರೆ 3.5. ಅಂದರೆ ಎಂಟು ಗಂಟೆಗೂ ಮೇಲೆ. ಬೀದರಿಗೆ ಹೋಗಿ, ಆಸ್ಪತ್ರೆಯಲ್ಲಿ ಪಾಳಿ ಕಾದು, ವಾಪಸ್ ಬರಲು ಸಾಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೀಟರಿನಲ್ಲಿ 12.7 ವೋಲ್ಟಿನ ಆಸುಪಾಸು ತೋರಿಸುತ್ತದೆ. 12ಕ್ಕೆ ಬಂತೆಂದರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಪೂರ್ತಿ ಬತ್ತಿಸಿದರೆ ಈ ಬ್ಯಾಟರಿ ಬೇಗ ಸಾಯುತ್ತದೆ. ಅದನ್ನು ಪೆಟ್ಟಿಗೆಯ ಹೊರಗೆ, ನೆರಳಿನ ಕಡೆ, ಬೆಲ್ಟ್ ಹಾಕಿ ಬಿಗಿಯಿರಿ. ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಇರಲಿ.

ಗಾಡಿಯ ಸಾಕೆಟ್ಟಿನಿಂದಲೂ ಒಂದು ವೈರು ತರಬಹುದು, ಆದರೆ ಅದು ಹೆಚ್ಚುವರಿ ಮಾತ್ರ. ಲಾರಿಯಲ್ಲಿ ಒಯ್ಯುವವರು ಎಚ್ಚರ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. 12ರ ಫ್ಯಾನ್ ನೇರ ಕೊಟ್ಟರೆ ಹೊಗೆ ಬರುತ್ತದೆ.

ಬಿಸಿ ಏರಿದಾಗ ಮಾತ್ರ ಫ್ಯಾನ್ ಹಚ್ಚುವ ಆಟೋಮ್ಯಾಟಿಕ್ ಬೋರ್ಡುಗಳೂ ಸಿಗುತ್ತವೆ. ನನಗೆ ಅವು ಬೇಡ. ಕೆಡಲು ಇನ್ನೊಂದು ಸಾಮಾನು ಜಾಸ್ತಿಯಾಯಿತು ಅಷ್ಟೇ. ನಾಯಿ ಒಳಗಿದ್ದರೆ ಫ್ಯಾನ್ ತಿರುಗುತ್ತಿರಲಿ. ವೇಗ ತಗ್ಗಿಸುವ ರೆಗ್ಯುಲೇಟರೂ ಅಷ್ಟೇ. ಕೆಲವು ಸಣ್ಣಗೆ ಕೀಂಗುಡುತ್ತವೆ. ನಮಗೆ ಕೇಳದ ಎಷ್ಟೋ ಸದ್ದು ನಾಯಿಗೆ ಕೇಳುತ್ತದೆ.

ಇದೆಲ್ಲಕ್ಕಿಂತ ಉಪಯೋಗವಾದದ್ದು ನಮ್ಮ ಅವ್ವನ ಹೊಲಿಗೆ ಡಬ್ಬಿಯಿಂದ ತಂದ ಒಂದು ಗೇಣು ಕೆಂಪು ರಿಬ್ಬನ್. ಹೊರಗಿನ ಗ್ರಿಲ್ಲಿಗೆ ಕಟ್ಟಿದೆ. ಫ್ಯಾನ್ ತಿರುಗುತ್ತಿದ್ದರೆ ಅದು ಹಾರುತ್ತದೆ. ಹತ್ತು ಮಾರು ದೂರದಿಂದಲೇ ಕಾಣುತ್ತದೆ.

ಚಾವಣಿ ಮತ್ತು ಕೂಲರ್ ಹುಲ್ಲು

ಪೆಟ್ಟಿಗೆ ಕಾಯುವುದು ಮೇಲಿನಿಂದ. ಚಾವಣಿಗೆ ಬಿಳಿ ಬಣ್ಣ ಹೊಡೆಯಿರಿ. ಅದರ ಮೇಲೆ ಒಂದು ಇಂಚು ಸಂದಿ ಬಿಟ್ಟು ಇನ್ನೊಂದು ತೆಳು ಪ್ಲೈವುಡ್ ಅಥವಾ ತಗಡು ಕೂರಿಸಿ. ಬಿಸಿಲು ಮೇಲಿನದಕ್ಕೆ ಬೀಳುತ್ತದೆ, ನಡುವೆ ಗಾಳಿ ಆಡುತ್ತದೆ, ಕೆಳಗಿನದು ಅಷ್ಟು ಕಾಯುವುದಿಲ್ಲ. ಮೂರನೇ ಫ್ಯಾನ್ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಉಪಾಯ ಕಲಬುರಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನೆಮನೆಯಲ್ಲೂ ಕೂಲರ್ ಇದೆ. ಅದರ ಹುಲ್ಲಿನ ಪ್ಯಾಡನ್ನು ಕಿಂಡಿಯ ಅಳತೆಗೆ ಕತ್ತರಿಸಿ, ಒದ್ದೆ ಮಾಡಿ, ಹೊರಗಿನಿಂದ ಕಿಂಡಿಗೆ ಕಟ್ಟಿ. ಫ್ಯಾನ್ ಎಳೆಯುವ ಗಾಳಿ ಆ ಹಸಿ ಹುಲ್ಲಿನಿಂದ ಹಾದು ಬರುತ್ತದೆ. ನಮ್ಮ ಏಪ್ರಿಲ್ ಗಾಳಿ ಒಣಒಣ, ಹಾಗಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ನೋಡಿದ ದಿನ ನೆರಳಲ್ಲಿ 41 ಇತ್ತು, ಕಿಂಡಿಯ ಒಳಬದಿಯಲ್ಲಿ ಥರ್ಮಾಮೀಟರ್ 34 ತೋರಿಸಿತು. ಪ್ಯಾಡ್ ತೆಳ್ಳಗಿರಲಿ, ಗಾಳಿ ಹಾಯಬೇಕು. ಅರ್ಧ ಗಂಟೆಗೊಮ್ಮೆ ನೀರು ಚಿಮುಕಿಸಬೇಕು. ಮಳೆಗಾಲ ಬಂದ ಮೇಲೆ ಇದನ್ನು ಕಿತ್ತು ಹಾಕಿ. ಆಗ ಗಾಳಿಯಲ್ಲೇ ಹಸಿ ಇರುತ್ತದೆ, ಇನ್ನಷ್ಟು ಹಸಿ ಸೇರಿಸಿದರೆ ನಾಯಿ ತೇಕಿದರೂ ತಂಪಾಗುವುದಿಲ್ಲ.

ಊದಿನಕಡ್ಡಿ ಪರೀಕ್ಷೆ

ನಾಯಿಯನ್ನು ಕೂರಿಸುವ ಮೊದಲು ಫ್ಯಾನ್ ಹಚ್ಚಿ, ಬಾಗಿಲು ಹಾಕಿ, ಕೆಳಗಿನ ಕಿಂಡಿಯ ಹತ್ತಿರ ಊದಿನಕಡ್ಡಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಹೋಗಬೇಕು. ಸೆಕೆಂಡುಗಳಲ್ಲೇ ಫ್ಯಾನಿನಿಂದ ಹೊರಬರಬೇಕು. ಆಮೇಲೆ ಕಡ್ಡಿಯನ್ನು ಬಾಗಿಲ ಸಂದಿಯಿಂದ ಒಳಗೆ ಚಾಚಿ ಒಂದೊಂದೇ ಮೂಲೆಗೆ ಹಿಡಿದು ಟಾರ್ಚ್ ಬಿಟ್ಟು ನೋಡಿ. ಯಾವ ಮೂಲೆಯಲ್ಲಿ ಹೊಗೆ ಅಲ್ಲಾಡದೆ ನಿಲ್ಲುತ್ತದೋ ಅಲ್ಲಿ ಗಾಳಿ ಸತ್ತಿದೆ. ನನ್ನ ಪೆಟ್ಟಿಗೆಯಲ್ಲಿ ಬಾಗಿಲ ಕಡೆಯ ಎಡಮೂಲೆ ಹಾಗಿತ್ತು. ಅಲ್ಲಿ ಎರಡು ಬೆರಳಗಲದ ನಾಲ್ಕು ತೂತು ಹೊಡೆದ ಮೇಲೆ ಸರಿಹೋಯಿತು.

ನಂತರ ಥರ್ಮಾಮೀಟರಿನ ತಂತಿ ನಾಯಿಯ ತಲೆಯ ಎತ್ತರಕ್ಕೆ ಇಳಿಬಿಟ್ಟು, ಖಾಲಿ ಪೆಟ್ಟಿಗೆಯನ್ನು ಒಂದು ಗಂಟೆ ಬಿಸಿಲಲ್ಲಿ ಇಡಿ. ಒಳಗಿನ ಬಿಸಿ ಹೊರಗಿನ ನೆರಳಿನ ಬಿಸಿಗಿಂತ ಎರಡು ಮೂರು ಡಿಗ್ರಿಗಿಂತ ಜಾಸ್ತಿ ಆಗಬಾರದು. ಹಾಗೆ ಆಯಿತೆಂದರೆ ಕಿಂಡಿ ಸಾಲದು, ಇಲ್ಲ ಚಾವಣಿ ಕಾಯುತ್ತಿದೆ. ಥರ್ಮಾಮೀಟರಿನ ಡಬ್ಬಿ ಹೊರಗಿರಲಿ, ಮುಂದೆಯೂ ಕೆಲಸಕ್ಕೆ ಬರುತ್ತದೆ.

ನಾಯಿಗೆ ರೂಢಿ ಮಾಡಿಸುವುದು

ಹೊಸ ಪೆಟ್ಟಿಗೆ, ಗುಂಯ್ ಎನ್ನುವ ಸದ್ದು. ಮೊದಲ ದಿನವೇ ಕೂಡಿ ಹಾಕಿದರೆ ಗಾಬರಿಗೆ ತೇಕತೊಡಗುತ್ತದೆ, ಆ ತೇಕುವಿಕೆಗೇ ಮೈ ಬಿಸಿಯಾಗುತ್ತದೆ. ಒಂದು ವಾರ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ ಬಾಗಿಲು ತೆರೆದು ಇಡಿ. ಊಟದ ತಟ್ಟೆ ಅದರೊಳಗೇ. ಮೂರನೇ ದಿನ ಫ್ಯಾನ್ ಹಚ್ಚಿ. ಮೋತಿ ಮೊದಲೆರಡು ದಿನ ಫ್ಯಾನಿಗೆ ಬೊಗಳಿದ. ಐದನೇ ದಿನ ಮಧ್ಯಾಹ್ನ ತಾನಾಗಿಯೇ ಹೋಗಿ ಒಳಗೆ ಮಲಗಿದ್ದ, ಯಾಕಂದರೆ ಆಗ ಕರೆಂಟ್ ಹೋಗಿತ್ತು, ಮನೆಯಲ್ಲಿ ತಿರುಗುತ್ತಿದ್ದ ಫ್ಯಾನ್ ಅದೊಂದೇ.

ಹೊರಡುವ ದಿನ

ಬೆಳಗಿನ ಐದಕ್ಕೆ ಹೊರಡಿ. ಮೂರು ನಾಲ್ಕು ಗಂಟೆ ಮುಂಚಿನಿಂದ ಹೊಟ್ಟೆ ತುಂಬ ಊಟ ಬೇಡ, ನೀರು ಬೇಕು. ಬಾಯಿ ಬಿಗಿಯುವ ಪಟ್ಟಿ ಹಾಕಬೇಡಿ, ತೇಕಲು ಬಾಯಿ ತೆರೆಯಬೇಕು. ಡಾಕ್ಟರನ್ನು ಕೇಳದೆ ಮಂಪರಿನ ಗುಳಿಗೆ ಕೊಡಬೇಡಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಅಡಿ ಬಂದ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ, ನಾಯಿಯನ್ನು ಸಾಗಿಸುವಾಗ ಪ್ರಯಾಣಕ್ಕೆ ಯೋಗ್ಯವಾಗಿದೆ ಎಂಬ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು. ಅದನ್ನೂ ಕಿಸೆಯಲ್ಲಿ ಇಟ್ಟುಕೊಳ್ಳಿ.

ಪೆಟ್ಟಿಗೆಯನ್ನು ಹಗ್ಗದಿಂದ ಎರಡು ಕಡೆ ಬಿಗಿಯಿರಿ, ಹಗ್ಗ ಕಿಂಡಿಯ ಮೇಲೆ ಹಾಯಬಾರದು. ತಾಡಪತ್ರಿಯನ್ನು ಪೆಟ್ಟಿಗೆಗೇ ಹೊದಿಸಿ ಕಟ್ಟುವವರಿದ್ದಾರೆ. ಆಗ ಫ್ಯಾನ್ ತಾಡಪತ್ರಿಯನ್ನೇ ಊದುತ್ತಿರುತ್ತದೆ. ನೆರಳು ಬೇಕಿದ್ದರೆ ನಾಲ್ಕು ಗೂಟಕ್ಕೆ ಕಟ್ಟಿ, ಮೇಲೆ ಎತ್ತರದಲ್ಲಿ.

ಅರ್ಧ ಗಂಟೆಗೊಮ್ಮೆ ನಿಂತು ನೋಡಿ. ನಾಲಿಗೆ ತೀರಾ ಅಗಲವಾಗಿ ಗಾಢ ಕೆಂಪಾಗಿದ್ದರೆ, ಜೊಲ್ಲು ಅಂಟಂಟಾಗಿ ಇಳಿಯುತ್ತಿದ್ದರೆ, ನಿಂತಾಗ ತೂರಾಡಿದರೆ, ವಾಂತಿ ಮಾಡಿದರೆ ಅದು ಬಿಸಿಲು ಹೊಡೆದದ್ದೇ. ತಕ್ಷಣ ನೆರಳಿಗೆ ಇಳಿಸಿ. ಹೊಟ್ಟೆ, ತೊಡೆಸಂದಿ, ಪಾದಕ್ಕೆ ತಣ್ಣನೆಯ ನೀರು ಹಾಕಿ ಗಾಳಿ ಬೀಸಿ. ಐಸ್ ಗಡ್ಡೆ ಒತ್ತಬೇಡಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿಯುತ್ತದೆ. ಎಚ್ಚರ ಇದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ಮೊದಲು ತಂಪು ಮಾಡಿ, ಆಮೇಲೆ ಹತ್ತಿರದ ಪಶು ಆಸ್ಪತ್ರೆಗೆ. ಮೇಲೆ ಸುಧಾರಿಸಿದಂತೆ ಕಂಡರೂ ತೋರಿಸಲೇಬೇಕು, ಒಳಗಿನ ಪೆಟ್ಟು ಆಮೇಲೆ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ಸ್ವಿಚ್ ಆರಿಸಿ ಫ್ಯಾನಿನ ರೆಕ್ಕೆಯನ್ನು ಬಣ್ಣ ಹೊಡೆಯುವ ಸಣ್ಣ ಬ್ರಷ್‌ನಿಂದ ಗುಡಿಸಿ. ಕೂದಲು ನಡುವಿನ ಗುಬಟಿಗೆ ಸುತ್ತಿಕೊಂಡಿರುತ್ತದೆ, ಚಿಮುಟದಿಂದ ಎಳೆಯಿರಿ. ಬ್ಯಾಟರಿಯನ್ನು ಅವತ್ತೇ ಚಾರ್ಜಿಗೆ ಹಾಕಿ. ಪೆಟ್ಟಿಗೆ ಬಳಸದ ತಿಂಗಳಲ್ಲೂ ಒಮ್ಮೆ ಚಾರ್ಜ್ ಮಾಡಿ.

ಮೇ ತಿಂಗಳಲ್ಲಿ ಗಂಟಿನ ಹೊಲಿಗೆ ತೆಗೆಸಲು ಮತ್ತೆ ಬೀದರಿಗೆ ಹೋದೆವು. ಅದೇ ಪಿಕಪ್, ಅದೇ ಕಮಲಾಪುರ, ಅದೇ ಹೋಟೆಲು. ಈ ಸಲ ಬೆಳಗಿನ ಆರು ಗಂಟೆ. ಕಾಕಾ ಕೀಲಿ ತೆಗೆದು, ಕೆಳಗಿಳಿದು, ನೇರ ಹಿಂದಕ್ಕೆ ಹೋಗಿ ಪೆಟ್ಟಿಗೆ ನೋಡಿಕೊಂಡು ಬಂದರು. "ರಿಬ್ಬನ್ ಹಾರ್ಲಿಕತ್ತದ," ಅಂದರು. "ನಡಿ, ಚಹಾ ಕುಡಿಯಾಮು."